ನಾಲ್ವರ ಕೈ ಬಿದ್ದ ಬೆಂಚು

ನಮ್ಮ ಶೆಡ್ಡಿಗೆ ನನ್ನ ಹೆಂಡತಿ ಇಟ್ಟ ಹೆಸರು ‘ಗಂಡಸರ ತವರುಮನೆ’. ಬೆಳಿಗ್ಗೆ ತಿಂಡಿ ಮುಗಿಸಿ ನಾನು ಹರಿಹರದ ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಸಾಕು, “ಹೊಂಟ್ರಾ ತವರಿಗೆ? ಬರೋವಾಗ ಉಡಿ ತುಂಬಿಸ್ಕೊಂಡು ಬರ್ರಿ” ಎಂದು ಬಾಗಿಲಲ್ಲಿ ನಿಂತು ಚುಚ್ಚುತ್ತಾಳೆ. ಅವಳ ಸಿಟ್ಟಿಗೂ ಅರ್ಥವಿದೆ. ನಮ್ಮ ಮನೆಯ ನಲ್ಲಿ ಎಷ್ಟೋ ದಿನದಿಂದ ತೊಟ್ಟಿಕ್ಕುತ್ತಿದೆ, ನಾನು ದಾವಣಗೆರೆಗೆ ಹೋಗಿ ಕಂಡವರ ಮಿಕ್ಸಿ ರಿಪೇರಿ ಮಾಡುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ಗಾದೆಯ ಬಗ್ಗೆ ನನ್ನದೇನೂ ತಕರಾರಿಲ್ಲ.

ಶೆಡ್ಡು ಎಂದರೆ ಒಂದು ಹಳೆಯ ಅರಳೆ ಗೋಡೌನು. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಅರಳೆ ತುಂಬಿದ ಅಂಡಿಗೆಗಳನ್ನು ಪೇರಿಸುತ್ತಿದ್ದ ಜಾಗ. ಈಗಲೂ ಫ್ಯಾನು ಹಾಕಿದರೆ ಮೇಲಿನ ತೊಲೆಗಳಿಂದ ಅರಳೆಯ ಎಳೆ ಉದುರಿ ನಮ್ಮ ತಲೆಯ ಮೇಲೆ ಕೂರುತ್ತದೆ. ಹೇಗೂ ಎಲ್ಲರ ತಲೆಯೂ ಬೆಳ್ಳಗಿರುವುದರಿಂದ ಗೊತ್ತಾಗುವುದಿಲ್ಲ. ಹೊರದೇಶಗಳಲ್ಲಿ ವಯಸ್ಸಾದ ಗಂಡಸರು ಹೀಗೆ ಒಂದು ಶೆಡ್ಡಿನಲ್ಲಿ ಸೇರಿ ಮರಗೆಲಸ, ರಿಪೇರಿ ಅಂತ ಕೈಗೆ ಕೆಲಸ ಕೊಟ್ಟುಕೊಂಡು ಇರುತ್ತಾರೆಂದು ನಿವೃತ್ತ ಮೇಷ್ಟ್ರೊಬ್ಬರು ಎಲ್ಲೋ ಓದಿ, ಗೋಡೌನಿನ ಮಾಲೀಕರನ್ನು ಕಾಡಿ ಬೇಡಿ ಕೀಲಿಕೈ ಇಸಿದುಕೊಂಡರು. “ಅಲ್ಲಿನ ಗಂಡಸ್ರಿಗೂ ಮನ್ಯಾಗೆ ಕೂಡ್ರಾಕೆ ಜಾಗ ಇಲ್ವಂತ್ರಿ, ನಮ್ಮದೇನು ದೊಡ್ಡ ಮಾತು” ಎಂದು ಅವರು ನಮ್ಮನ್ನೆಲ್ಲ ಸೇರಿಸಿದರು.

ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನಿಂದ ಶುರುಮಾಡಿ ಫೋರ್‌ಮನ್ ಆಗಿ ರಿಟೈರ್ ಆದವನು. ತಪ್ಪು ಕಂಡರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ, ಅದು ನನ್ನ ಜಾಯಮಾನ. ನನ್ನಂಥವರು ಇನ್ನಷ್ಟು ಮಂದಿ ಇದ್ದುದರಿಂದ ಮೊದಲ ವಾರವೇ ಶೆಡ್ಡಿನಲ್ಲಿ ಜಗಳವಾಯಿತು. ರಿಟೈರ್ ಆದ ಗಂಡಸರಲ್ಲಿ ಸಲಹೆ ಕೇಳುವವರು ಯಾರೂ ಇಲ್ಲ, ಎಲ್ಲರೂ ಕೊಡುವವರೇ. ಆಗ ಮೇಷ್ಟ್ರು ಎರಡು ಕಾಯಿದೆ ಮಾಡಿದರು. ಹಿಡಿದ ಕೆಲಸವನ್ನು ಹಿಡಿದವರೇ ಮುಗಿಸಬೇಕು. ಇನ್ನೊಬ್ಬರ ಕೆಲಸಕ್ಕೆ, ಅವರಾಗಿ ಕೇಳುವ ತನಕ, ಯಾರೂ ಬಾಯಿ ಹಾಕಬಾರದು. ಈ ಎರಡನೆಯದು ನನಗೆ ಉಪವಾಸಕ್ಕಿಂತ ಕಷ್ಟವಾಯಿತು. ಆದರೂ ಪಾಲಿಸಿದೆ, ಮತ್ತು ಶೆಡ್ಡು ನಿಂತಿತು. ಲೋಕಿಕೆರೆ ಕಡೆಯ ರೈತರು ಕುಡುಗೋಲು ಮಸೆಯಲು, ಗುದ್ದಲಿಗೆ ಮರದ ಕಾವು ಹಾಕಿಸಲು ಬರತೊಡಗಿದರು. ಎಂ.ಸಿ.ಸಿ. ಬಡಾವಣೆಯ ಹೆಣ್ಣುಮಕ್ಕಳು ಸ್ಕೂಟಿಯ ಮುಂದೆ ಮುರಿದ ಕುರ್ಚಿ ಇಟ್ಟುಕೊಂಡು ಬಂದರು. ಮಧ್ಯಾಹ್ನ ಖಾರ ಮಂಡಕ್ಕಿ ಬರುತ್ತಿತ್ತು. ಚೆನ್ನಾಗಿಯೇ ನಡೆಯಿತು. ಇಂಥದ್ದೊಂದು ಜಾಗ ಊರಿಗೊಂದು ಇರಬೇಕು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಸಾವ್ಕಾರರು ಬಂದದ್ದು ಹೀಗೆ ನಡೆಯತೊಡಗಿದ ಮೇಲೆ. ಅವರನ್ನು ಊರಿನವರೆಲ್ಲ ಸಾವ್ಕಾರರೆಂದೇ ಕರೆಯುವುದು, ನಾವೂ ಹಾಗೇ ಕರೆದೆವು. ಹಳೇ ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ ಅವರದು. ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯರು. ಹಣೆಯ ಮೇಲೆ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ, ಹೆಗಲ ಮೇಲೆ ಮಡಿಚಿದ ಟವೆಲ್ಲು. ಬಲಗೈ ಮಾತ್ರ ನಡುಗುತ್ತಿತ್ತು. ಡಾಕ್ಟರು ಅದು ಹೋಗುವ ನಡುಕವಲ್ಲ, ಇರುವ ನಡುಕ ಎಂದು ಹೇಳಿಬಿಟ್ಟಿದ್ದರಂತೆ. ಅಂಗಡಿಯಲ್ಲಿ ಒಂದು ದಿನ ಗಿರಾಕಿಗೆ ಬಟ್ಟೆ ಕತ್ತರಿಸುವಾಗ ಕತ್ತರಿ ಅಡ್ಡಾದಿಡ್ಡಿ ಹೋಯಿತು. ಮಗ ಬಂದು ಅವರ ಕೈಯಿಂದ ಕತ್ತರಿ ತೆಗೆದುಕೊಂಡು, “ಅಪ್ಪಾಜಿ, ನೀವು ಆರಾಮಾಗಿ ಕೂಡ್ರಿ” ಎಂದನಂತೆ. ಅಂದಿನಿಂದ ಅವರು ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಇದನ್ನು ಅವರೇ ಮೊದಲ ದಿನ ಹೇಳಿದರು. ಹೇಳಿ, “ನಂಗೆ ಕೂಡ್ರೋ ಕೆಲ್ಸ ಬ್ಯಾಡ್ರಿ, ಮಾಡೋ ಕೆಲ್ಸ ಕೊಡ್ರಿ” ಎಂದರು.

ಲೋಕಿಕೆರೆ ಕಡೆಯ ಒಂದು ಶಾಲೆಗೆ ಚಿಕ್ಕ ಮಕ್ಕಳ ಬೆಂಚು ಬೇಕೆಂದು ಕೇಳಿಕೊಂಡು ಬಂದಿದ್ದರು. ಕಾಯಿದೆಯಂತೆ ಒಬ್ಬೊಬ್ಬರು ಒಂದೊಂದು ಬೆಂಚು ಹಿಡಿದೆವು. ಸಾವ್ಕಾರರೂ ಒಂದು ಹಿಡಿದರು. ನನ್ನ ಮೇಜಿನ ಪಕ್ಕದಲ್ಲೇ ಅವರ ಮೇಜು. ಗರಗಸ ಹಿಡಿದು ಕಾಲು ಕೊಯ್ಯುವಾಗ ಅವರ ಮುಖ ನೋಡಬೇಕಿತ್ತು! ಹಲ್ಲು ಕಚ್ಚಿ, ಬೆವರು ಸುರಿಸಿ, ಮುಗಿದ ಮೇಲೆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನಗುತ್ತಿದ್ದರು. ಕೊಯ್ತ ಸೊಟ್ಟಗಿರುತ್ತಿತ್ತು. ನನ್ನ ಕೈಕೆಳಗಿನ ಹುಡುಗ ಹಾಗೆ ಕೊಯ್ದಿದ್ದರೆ ಕಾರ್ಖಾನೆಯ ಛಾವಣಿ ಹಾರಿಹೋಗುವಂತೆ ಕೂಗಿರುತ್ತಿದ್ದೆ. ಆದರೆ ಇವರು ಹಿರಿಯರು, ಮೇಲಾಗಿ ಸಾವ್ಕಾರರು, ಅದರ ಮೇಲೆ ಆ ನಗು. ನನ್ನ ನಾಲಿಗೆ ಜೀವಮಾನದಲ್ಲಿ ಮೊದಲ ಸಲ ತಾನಾಗಿಯೇ ಅಂಗುಳಿಗೆ ಅಂಟಿಕೊಂಡಿತು. “ಹೆಂಗೈತ್ರೀ?” ಎಂದು ಅವರು ಕೇಳಿದರೆ ನಾವೆಲ್ಲ, “ಭಾರೀ ಐತ್ರೀ ಸಾವ್ಕಾರ್ರೆ” ಎಂದೆವು.

ಬೆಂಚಿಗೆ ಕಾಲು ಜೋಡಿಸಿ ಮುಗಿಸಿದ ದಿನ ಅವರು ಮಧ್ಯಾಹ್ನ ಗುಳಿಗೆ ತೆಗೆದುಕೊಳ್ಳಲು ಮನೆಗೆ ಹೋದರು. ಬೆಂಚು ನಾಲ್ಕು ಕಾಲಿನ ಮೇಲೂ ಅಲ್ಲಾಡುತ್ತಿತ್ತು.

ಮರುದಿನ ಮೊದಲ ಬಸ್ಸಿಗೇ ಬಂದು, ಮೇಷ್ಟ್ರಿಂದ ಕೀಲಿಕೈ ಇಸಿದುಕೊಂಡು, ಯಾರೂ ಬರುವ ಮೊದಲು ನಾನು ಆ ಬೆಂಚನ್ನು ತಿರುಗಿಸಿ ಹಾಕಿದೆ. ಕಾಲುಗಳು ಉದ್ದಗಿಡ್ಡ ಇದ್ದವು. ಎಲ್ಲಕ್ಕಿಂತ ಗಿಡ್ಡ ಇದ್ದುದರ ಸಮಕ್ಕೆ ಉಳಿದವನ್ನು ಕೊಯ್ದೆ. ಮರದ ಪುಡಿ ಗುಡಿಸಿ, ಕೊಯ್ದ ಜಾಗಕ್ಕೆ ಸ್ವಲ್ಪ ಧೂಳು ಬಳಿದು ಹಳೆಯದರಂತೆ ಮಾಡಿದೆ. ಯಾರಿಗೂ ತಿಳಿಯಲಿಲ್ಲ. ಇನ್ನೊಬ್ಬರ ಕೆಲಸಕ್ಕೆ ಬಾಯಿ ಹಾಕಬಾರದು ಎಂದಿತ್ತೇ ಹೊರತು ಕೈ ಹಾಕಬಾರದು ಎಂದು ಕಾಯಿದೆಯಲ್ಲಿ ಇರಲಿಲ್ಲವಲ್ಲ. ಒಳ್ಳೆಯ ಕೆಲಸ ಮಾಡಿದೆನೆಂದು ಅಂದು ಎರಡು ಪ್ಲೇಟು ಮಂಡಕ್ಕಿ ತಿಂದೆ.

ಬೆಂಚುಗಳನ್ನು ಟೆಂಪೊಗೆ ಏರಿಸುವ ದಿನ ಎಲ್ಲವನ್ನೂ ಗೋಡೆಗೆ ತಾಗಿಸಿ ಒಂದರ ಪಕ್ಕ ಒಂದು ಇಟ್ಟೆವು. ಆಗ ಕಂಡಿತು. ಎಲ್ಲ ಬೆಂಚು ಒಂದೇ ಎತ್ತರ, ಸಾವ್ಕಾರರದು ಮಾತ್ರ ಎರಡು ಬೆರಳು ಗಿಡ್ಡ. ನಾನು ಕೊಯ್ದದ್ದು ಅಷ್ಟಿರಲೇ ಇಲ್ಲ! ಸಾವ್ಕಾರರು ಬೆಂಚಿನ ಹತ್ತಿರ ಹೋಗಿ ಕೂತರು, ಎದ್ದರು, ಕಾಲನ್ನು ಬೆರಳಿನಿಂದ ಸವರಿದರು. ಬಟ್ಟೆ ಅಳೆದು ಬದುಕಿದ ಕಣ್ಣು ಅದು.

“ಇದು ನಾ ಕೊಯ್ದ ಕಾಲಲ್ಲ. ಯಾರು ಕೊಯ್ದಿದ್ದು?”

ನಮ್ಮ ಜೊತೆಯ ರಿಟೈರ್ಡ್ ಬಸ್ ಡ್ರೈವರು ಕೆಮ್ಮಿದರು. “ನೀವು ಗುಳಿಗಿ ತಗಳಾಕೆ ಹೋದಾಗ ತುದಿ ಒಂದೀಟು ನೆಟ್ಟಗೆ ಮಾಡಿದ್ದೆ ಕಣ್ರಿ.” ನಾನು ಅವರ ಮುಖ ನೋಡಿದೆ. ಹಾಗಾದರೆ ನಾನು ಕೊಯ್ಯುವ ಮೊದಲೇ ಒಂದು ಸಲ ಕೊಯ್ತವಾಗಿತ್ತು! “ನಾನೂ ಒಂದೀಟು” ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಸಾವ್ಕಾರರು ಗುಳಿಗೆಗೆ ಹೋದ ದಿನವೇ ಸಂಜೆ ಬಾಗಿಲು ಹಾಕುವ ಮುಂಚೆ ಅವರೂ ಬೆಂಚನ್ನು ಅಲ್ಲಾಡಿಸಿ ನೋಡಿ, ಅಲ್ಲಾಡುತ್ತದೆಂದು ಒಂದೊಂದೇ ಕಾಲನ್ನು ಉಜ್ಜುಗೊರಡಿನಿಂದ ಹೆರೆದಿದ್ದರಂತೆ. ಡ್ರೈವರು ನೆಟ್ಟಗೆ ಮಾಡಿದ ಮೇಲೆ ಬೆಂಚು ಸರಿಯಾಗಿಯೇ ಇತ್ತು. ಅದನ್ನಿಟ್ಟ ಮೂಲೆಯಲ್ಲಿ ಗೋಡೌನಿನ ನೆಲವೇ ತಗ್ಗು. ಪಾಠ ಹೇಳಿ ಬದುಕಿದವರಿಗೆ ನೆಲ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು? ಎಷ್ಟು ಹೆರೆದರೂ ಅಲ್ಲಾಡುವುದು ನಿಲ್ಲದೆ ಹೆರೆಯುತ್ತಲೇ ಹೋಗಿದ್ದರು. ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಮರ್ಯಾದೆ ಕಾಪಾಡಲು ಹೋಗಿ ಬೆಂಚಿನ ಕಾಲನ್ನೇ ತಿಂದುಹಾಕಿದ್ದೆವು.

ನಮಗೆ ನಗು ಬಂತು. ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಸಾವ್ಕಾರರು ನಗಲಿಲ್ಲ. “ಇದನ್ನ ಸಾಲಿಗೆ ಕಳಿಸಬ್ಯಾಡ್ರಿ” ಎಂದಷ್ಟೇ ಹೇಳಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ. ಫೋನು ಮಾಡಿದರೆ ಸೊಸೆ ಎತ್ತಿ, “ಮಾವಾರು ಮಲಗ್ಯಾರೆ” ಎನ್ನುತ್ತಿದ್ದಳು. ಹಗಲು ಹೊತ್ತು ಮಲಗುವ ಮನುಷ್ಯ ಅವರಲ್ಲ. ಅಂಗಡಿಯಾಯಿತು, ಈಗ ಶೆಡ್ಡೂ ಮುಗಿಯಿತೆಂದರೆ ಅವರಿಗೆ ಉಳಿಯುವುದು ಮಂಚವೊಂದೇ ಎಂಬುದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇರುವುದೇ ನಮ್ಮ ರೋಗವಾಗಿತ್ತಲ್ಲ.

ನಾನೇ ಹೋದೆ. ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಅವರ ಮನೆ. ಸೊಸೆ ನನಗೆ ಕಪ್ಪು-ಬಸಿಯಲ್ಲಿ ಕಾಫಿ ತಂದಳು, ಅವರಿಗೆ ಚೆಲ್ಲದಿರಲೆಂದು ದೊಡ್ಡ ಲೋಟದ ತಳದಲ್ಲಿ ಒಂದಿಷ್ಟು. ಅವರು ಅದನ್ನು ಮುಟ್ಟಲಿಲ್ಲ. ನಾನು ಬಸ್ಸಿನಲ್ಲಿ ಕೂತು ಹೇಳಬೇಕೆಂದುಕೊಂಡದ್ದನ್ನೆಲ್ಲ ಹೇಳಿದೆ: ನಿಮ್ಮ ಮೇಲಿನ ಗೌರವಕ್ಕೇ ಹಾಗೆ ಮಾಡಿದ್ದು, ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಮಾಡಿದ್ದು, ಇತ್ಯಾದಿ. ಅವರು ಪೂರ್ತಿ ಕೇಳಿದರು.

“ನನ್ನ ಮಗ ಗಿರಾಕಿಗಳ ಎದುರಿಗೆ ಕತ್ರಿ ಕಸ್ಕೊಂಡ” ಎಂದರು. “ನೀವು ನನ್ನ ಬೆನ್ನ ಹಿಂದೆ ಗರಗಸ ಕಸ್ಕೊಂಡ್ರಿ. ಅವ್ನೇ ವಾಸಿ ಬಿಡ್ರಿ.”

ನನಗೆ ಮೈಯೆಲ್ಲ ಉರಿಯಿತು. ನಿಜ ಹೇಳಬೇಕೆಂದರೆ ಅಳುವೂ ಬಂತು. ಎರಡೂ ಒಟ್ಟಿಗೇ ಬಂದರೆ ನನ್ನಂಥವನಲ್ಲಿ ಗೆಲ್ಲುವುದು ಸಿಟ್ಟೇ. “ಹಂಗಾದ್ರೆ ಎದುರಿಗೇ ಹೇಳ್ತೀನಿ, ಕೇಳ್ರಿ” ಎಂದು ದನಿ ಏರಿಸಿದೆ. “ನಿಮಗೆ ಗರಗಸ ಹಿಡಿಯಾಕೇ ಬರಂಗಿಲ್ಲ. ಕೊರಳು ಹಿಸುಕಿದಂಗೆ ಹಿಡೀತೀರಿ. ಹಲಗೆ ಬಿಗಿಯಂಗಿಲ್ಲ. ಗೆರೆ ಎಳೀತೀರಿ, ಗೆರೆ ಮ್ಯಾಲೆ ಕೊಯ್ಯಂಗಿಲ್ಲ. ಕೈ ನಡುಗೋದು ಅರ್ಧ, ಕಲೀದೇ ಇರೋದು ಅರ್ಧ. ನನ್ನ ಕಾರ್ಖಾನ್ಯಾಗೆ ಇದ್ದಿದ್ರೆ ನಿಮ್ಮನ್ನ ಮೊದಲ ದಿನವೇ ಗೇಟಿನ ಹೊರಗೆ ನಿಲ್ಲಿಸ್ತಿದ್ದೆ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದು ಗಾಬರಿಯಿಂದ ನೋಡಿದಳು. ಆ ಮನೆಯಲ್ಲಿ ಸಾವ್ಕಾರರಿಗೆ ಹಾಗೆ ಜೋರು ಮಾಡಿ ಮಾತಾಡಿದವರು ಬಹುಶಃ ಯಾರೂ ಇರಲಿಲ್ಲ. ಸಾವ್ಕಾರರು ಲೋಟ ಎತ್ತಿಕೊಂಡರು. ಕಾಫಿ ಅಂಗಿಯ ಮೇಲೆ ಎರಡು ಹನಿ ಬಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಹಲಗೆ ಹೆಂಗ ಬಿಗಿಬೇಕು?” ಎಂದು ಕೇಳಿದರು.

ನಾನು ಹೇಳಿದೆ. ಟೀಪಾಯಿಯನ್ನೇ ಹಲಗೆ ಮಾಡಿ ತೋರಿಸಿದೆ. ಹೇಗೆ ಮಾಡಬೇಕೆಂದು ಶೆಡ್ಡಿನವರೊಬ್ಬರು ನನ್ನನ್ನು ಕೇಳಿದ್ದು ಅದೇ ಮೊದಲು, ನಾನೇನು ಬಿಡುತ್ತೇನೆಯೇ? ಕಾಫಿ ಎರಡನೇ ಸಲ ಬಂತು.

ಹರಿಹರಕ್ಕೆ ವಾಪಸ್ಸು ಬಂದವನು ಪರಿಚಯದ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದು ಸಾಮಾನು ಮಾಡಿಸಿದೆ. ಎರಡು ಕಬ್ಬಿಣದ ಪಟ್ಟಿ, ನಡುವೆ ಗರಗಸ ಓಡುವಷ್ಟೇ ಸಂದು. ಪಟ್ಟಿಯನ್ನು ಮರಕ್ಕೆ ಬಿಗಿದು ಸಂದಿನಲ್ಲಿ ಗರಗಸ ಇಳಿಸಿದರೆ ಕೈ ನಡುಗಿದರೂ ಅಲಗು ಬಹಳ ಆಚೀಚೆ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಇಂಥವನ್ನು ಎಷ್ಟೋ ಮಾಡಿಕೊಟ್ಟಿದ್ದೇನೆ.

ಸೋಮವಾರ ಸಾವ್ಕಾರರು ಬಂದರು. ಬಂದವರೇ ಆ ಗಿಡ್ಡ ಬೆಂಚನ್ನು ಎಳೆದು ಮೇಜಿನ ಮೇಲೆ ತಲೆಕೆಳಗಾಗಿ ಹಾಕಿ ಕಾಲು ಕಿತ್ತರು. ಹೊಸ ಕಾಲು ಹಾಕುವವರೆಗೆ ಆ ಬೆಂಚು ಶಾಲೆಗೆ ಹೋಗುವುದಿಲ್ಲ ಎಂದರು. ನಾನು ಪಟ್ಟಿಯನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಎಲ್ಲಾರಿಗೂ ಮಾಡಿಸೀರೋ, ನನಗೊಬ್ಬನಿಗೋ?”

ಮೇಷ್ಟ್ರು ನನ್ನ ಕಡೆ ನೋಡಿ ಕಣ್ಣಲ್ಲೇ ಏನೋ ಹೇಳಿದರು. ಎಲ್ಲರಿಗೂ ಎನ್ನು ಅಂತ. ಹೇಳಿದ್ದರೆ ಸುಲಭವಿತ್ತು.

“ನಿಮಗೊಬ್ಬರಿಗೇ” ಎಂದೆ. “ನಮ್ಮ ಕೈ ನಡುಗಂಗಿಲ್ಲ, ನಿಮ್ದು ನಡುಗತೈತೆ.”

ಸಾವ್ಕಾರರು ತಲೆಯಾಡಿಸಿ ಪಟ್ಟಿ ಬಿಗಿದರು. ಹೇಳಿಕೊಟ್ಟ ಹಾಗೇ ಗರಗಸವನ್ನು ಸಡಿಲ ಹಿಡಿದು ಕೊಯ್ಯತೊಡಗಿದರು. ಎಲ್ಲರ ಕೆಲಸವೂ ನಿಂತಿತ್ತು. ಬಹಳ ಹೊತ್ತಿನ ಮೇಲೆ ತುಂಡು ಕೆಳಗೆ ಬಿತ್ತು. ಅವರು ಕಾಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. “ಹೆಂಗೈತ್ರೀ?”

ಕೊಯ್ತ ನೇರವಿದೆಯೇ ಎಂದು ನಾನು ಮೂಲೆಮಟ್ಟ ಇಟ್ಟು ನೋಡಿದೆ. ಮೊದಲಿಗಿಂತ ಎಷ್ಟೋ ವಾಸಿ. ಆದರೆ ಮೂಲೆಮಟ್ಟಕ್ಕೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು.

“ಸೊಟ್ಟ ಐತೆ” ಎಂದೆ. “ಇನ್ನೊಂದು ಕೊಯ್ರಿ.”

ಸಾವ್ಕಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೊಸ ಮರದ ತುಂಡು ಎತ್ತಿಕೊಂಡರು.