ಶಮೀಮಾ ಆಪಾನ ಕೇಸು ಮತ್ತು ನನ್ನ ಲ್ಯಾಪ್‌ಟಾಪಿನ ಮೈಕ್

ಗೆಳೆಯರೇ, ಇವತ್ತು ಬೆಳಿಗ್ಗೆ ನವಲಗುಂದದ ನಮ್ಮ ಓಣಿಯ ಶಮೀಮಾ ಆಪಾ ಅವರ ಕೇಸಿನ ವಿಚಾರಣೆ ವಿಡಿಯೋದಲ್ಲಿತ್ತು. ಬಿಟ್ಟುಹೋದ ಗಂಡನ ಬಳಿ ಮಗಳಿದ್ದಾಳೆ. ಹಬ್ಬಕ್ಕೆ ಅವಳನ್ನು ಕರೆತರಲು ಅನುಮತಿ ಬೇಕಿತ್ತು. ಅವರ ಫೋನ್ ಕೆಟ್ಟಿತ್ತೆಂದು ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದೆ.

ತಾಯಿಯ ಬಾಯಿಂದಲೇ ಕೇಳಬೇಕೆಂದರು ಜಡ್ಜ್. ಆಪಾ ಮಾತಾಡಿದರು.

"ನಿಮ್ಮ ದನಿ ಕೇಳಿಸ್ತಾ ಇಲ್ಲಮ್ಮ."

ಸೆಟ್ಟಿಂಗ್ಸ್ ತೆಗೆದೆ. ಹಚ್ಚದೇ ಇರುವ ಹೆಡ್‌ಫೋನಿನ ಮೈಕ್ ಆಯ್ಕೆಯಾಗಿತ್ತು. ಬದಲಿಸಿದರೂ ದನಿ ಹೋಗಲಿಲ್ಲ. ಗಾಬರಿಯಲ್ಲಿ ಸೌಂಡ್ ಸರ್ವೀಸನ್ನೇ ರೀಸ್ಟಾರ್ಟ್ ಮಾಡಿದೆ. ಈಗ ಜಡ್ಜ್ ದನಿಯೂ ನಿಂತಿತು. ಅವರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು.

"ಏನಂತಾರೋ ತಮ್ಮಾ ಅವ್ರು?"

"ಒಂಚೂರು ತಡೀರಿ ಆಪಾ."

ದನಿ ಮರಳಿದಾಗ ಬೇರೆಯವರ ಕೇಸು ನಡೆದಿತ್ತು. ಆಪಾ ಅವರ ವಕೀಲರಿಗೆ ಫೋನ್ ಹಚ್ಚಿದೆ.

"ಮುಂದಕ್ಕ ಹಾಕ್ಯಾರ್ರಿ. ಹಬ್ಬ ಮುಗದ ಮ್ಯಾಲ ತಾರೀಖು."

ಆಪಾ ನನ್ನನ್ನು ಬೈಯಲಿಲ್ಲ. "ಹಬ್ಬಕ್ಕಂತ ಅಕಿಗೆ ಅಂಗಿ ಹೊಲಿಸಿದ್ದೆ. ಬೆಳ್ಯೂ ಹುಡುಗಿ, ಗಿಡ್ಡ ಆಗ್ತೈತಿ," ಎಂದು ಎದ್ದು ಹೋದರು.

ಆಮೇಲೆ ಮೈಕ್ ಪರೀಕ್ಷಿಸಿದೆ. ಈಗ ಬೀದಿಯಲ್ಲಿ ಹೋಗುವವರ ಮಾತೂ ಸ್ಪಷ್ಟವಾಗಿ ರೆಕಾರ್ಡ್ ಆಗುತ್ತಿದೆ. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಬನ್ನಿ.