ಮೇ ತಿಂಗಳ ಆಗಬೋಟು

ನಾನು ಜೀವಮಾನದಲ್ಲಿ ಒಮ್ಮೆಯೂ ಹಡಗು, ನಮ್ಮ ಕಡೆಯ ಮಾತಿನಲ್ಲಿ ಆಗಬೋಟು, ಹತ್ತಿದವನಲ್ಲ. ಆದರೂ ಸೊಲ್ಲಾಪುರದಿಂದ ಆಫ್ರಿಕಾಕ್ಕೆ ಹೊರಟ ನಮ್ಮ ಕಡೆಯ ಜನ ಮೊದಲು ನನ್ನ ಮನೆಗೆ ಬರುತ್ತಿದ್ದರು. ಯಾವ ಕಂಪನಿಯ ಆಗಬೋಟು ಒಳ್ಳೆಯದು, ಡೆಕ್ಕಿನ ಮೇಲೆ ಎಲ್ಲಿ ಹಾಸಿಕೊಳ್ಳಬೇಕು, ಖಡಕ್ ರೊಟ್ಟಿ ಎಷ್ಟು ದಿನ ತಡೆಯುತ್ತವೆ, ಎಲ್ಲವೂ ನನಗೆ ಗೊತ್ತು ಎಂಬುದು ಅವರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಆ ನಂಬಿಕೆಯ ಮೇಲೆಯೇ ನನ್ನ ತಂಗಿ ಮೊದಲ ಹೆರಿಗೆಗೆಂದು ಮೊಂಬಾಸಾದಿಂದ ತವರಿಗೆ ಹೊರಟಳು.

ನಾನು ಆಗ ಒಂದು ಬಟ್ಟೆ ಗಿರಣಿಯ ರವಾನೆ ವಿಭಾಗದಲ್ಲಿ ಗುಮಾಸ್ತ. ನಮ್ಮ ಚಾದರ, ಸೀರೆಗಳ ಗಂಟುಗಳು ಮುಂಬಯಿಗೆ ಹೋಗಿ, ಅಲ್ಲಿಂದ ಏಡನ್, ಮೊಂಬಾಸಾಗಳಿಗೆ ಹಡಗೇರುತ್ತಿದ್ದವು. ಆ ಕಾರಣಕ್ಕೆ ಹಡಗಿನ ಕಂಪನಿಗಳ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ಯಾರೂ ಓದದ ಆ ಕಾಗದಗಳನ್ನು ನಾನು ಓದಿದೆ. ಓದಿದ್ದನ್ನು ಹೋಲಿಸಿದೆ. ಹೋಲಿಸಿದ್ದನ್ನು ಗೆರೆ ಎಳೆದು ಕಾಲಮ್ಮು ಮಾಡಿ ಬರೆದಿಟ್ಟೆ.

ಎರಡು ಕಂಪನಿಗಳಿದ್ದವು. ಹೆಸರು ಬೇಡ. ನಮ್ಮ ಮನೆಯಲ್ಲಿ ಕರಿ ಚಿಮಣಿ, ಕೆಂಪು ಚಿಮಣಿ ಎಂದೇ ಕರೆಯುತ್ತಿದ್ದೆವು. ಗಿರಣಿಯ ಊರಿನವರಿಗೆ ಹೊಗೆ ಬಿಡುವುದೆಲ್ಲ ಚಿಮಣಿಯೇ. ಕರಿ ಚಿಮಣಿಯ ಹಡಗು ದೊಡ್ಡದು. ನೆಟ್ಟಗೆ ಹೋಗುತ್ತದೆ, ಹತ್ತು ಹನ್ನೊಂದು ದಿನಕ್ಕೆ ಮುಟ್ಟಿಸುತ್ತದೆ. ಹಡಗಿನಲ್ಲಿ ಡಾಕ್ಟರಿದ್ದಾನೆ. ಆದರೆ ಅವರದು ಕಟ್ಟುನಿಟ್ಟು: ಹತ್ತುವ ಮೊದಲೇ ತಪಾಸಣೆ, ನೂರು ಪ್ರಶ್ನೆ, ಏಳು ತಿಂಗಳಾದ ಬಸುರಿಯರು ಡಾಕ್ಟರ ಚೀಟಿ ತರದೆ ಏಣಿ ಹತ್ತುವ ಹಾಗಿಲ್ಲ. ಕೆಂಪು ಚಿಮಣಿಯದು ಸಣ್ಣ ಹಡಗು. ನಡುವೆ ಬಂದರುಗಳನ್ನು ಮುಟ್ಟುತ್ತ ಹದಿನೈದು ದಿನ ಮೀರಿ ತೆಗೆದುಕೊಳ್ಳುತ್ತದೆ. ಆದರೆ ಹಿಂದೂ ಅಡಿಗೆಮನೆ ಬೇರೆ ಇದೆ, ನೀರು ದಿನಕ್ಕೆ ಎರಡು ಸಲ ಕೊಡುತ್ತಾರೆ, ಜನ ಮೆತ್ತಗೆ, ಹೆಚ್ಚು ಕೇಳುವುದಿಲ್ಲ.

ಇಲ್ಲೇ ಒಂದು ತಪ್ಪು ಹಿಡಿಯಬೇಕು. ಆ ಕಾಗದಗಳೆಲ್ಲ ಒಂದೇ ಬಣ್ಣದ ಮಸಿಯಲ್ಲಿ ಅಚ್ಚಾಗಿರುತ್ತಿದ್ದವು. ಹಾಗಿದ್ದರೆ ಕೆಂಪನ್ನು ನಾನು ಎಲ್ಲಿ ಕಂಡೆ? ಆಮೇಲೆ, ಮುಂಬಯಿ ಬಂದರಿನಲ್ಲಿ ಕಂಡಿರಬೇಕು. ಆಮೇಲೆ ಕಂಡ ಬಣ್ಣವನ್ನು ಒಯ್ದು ಮೊದಲಿಗೆ ಬಳಿದಿದ್ದೇನೆ. ಈ ಬರಹದಲ್ಲಿ ಇಂಥವು ಇನ್ನೂ ಇರಬಹುದು, ಸಿಕ್ಕಷ್ಟು ಹಿಡಿಯುತ್ತೇನೆ.

ತಂಗಿ ನನಗಿಂತ ಆರು ವರ್ಷ ಸಣ್ಣವಳು. ಅವಳ ಗಂಡ ಆಫ್ರಿಕಾದ ರೈಲಿನಲ್ಲಿ ಗುಮಾಸ್ತನಾಗಿದ್ದ. ಅಕ್ಕಲಕೋಟೆಯ ನಮ್ಮ ಮನೆಯಿಂದ ಅವಳು ಅವನ ಸಂಗಡ ಹೊರಟ ದಿನ ನಾನು ಪಡಸಾಲೆಯಲ್ಲಿ ಕೂತು ಕಾಗದ ನೋಡಿ ನೋಡಿ ಬುದ್ಧಿ ಹೇಳುತ್ತಿದ್ದೆ. ಟ್ರಂಕಿನ ಹಿಡಿಕೆಗೆ ಸೀರೆಯ ಅಂಚಿನ ಚಿಂದಿ ಕಟ್ಟಿರಿ, ನೂರು ಟ್ರಂಕಿನಲ್ಲಿ ಗುರುತು ಸಿಗುತ್ತದೆ. ಶೇಂಗಾ ಹಿಂಡಿಯನ್ನು ತಗಡಿನ ಡಬ್ಬಿಯಲ್ಲಿ ಒಯ್ಯಿರಿ, ಬಟ್ಟೆಯ ಗಂಟಿನಲ್ಲಿ ಬೇಡ. ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸಿ, ಕುಡಿಯಬೇಡಿ. ಹಡಗು ಹತ್ತಿದ ಕೂಡಲೇ ಚಾದರ ಹಾಸಿ ಜಾಗ ಹಿಡಿಯಿರಿ, ನಡುವಿನ ಗೋಡೆಗೆ ಹತ್ತಿಕೊಂಡು.

"ಅಣ್ಣಾ, ನೀ ಎಷ್ಟು ಸಲ ಹೋಗಿ ಬಂದಿ ಆಫ್ರಿಕಾಕ್ಕ?" ಎಂದಳು.

"ನಕ್ಕೋತ ಕೂಡಬ್ಯಾಡ. ಬರಾಬರ್ ಕೇಳು."

"ಕೇಳಾಕತ್ತೀನಿ. ಅವ್ವಾ, ಇವಗ ಒಂದು ಟೊಪ್ಪಿಗಿ ಹೊಲಿಸು. ಕಪ್ತಾನ್ ಸಾಹೇಬ ಆಗ್ಯಾನ."

ಮೊಂಬಾಸಾದಿಂದ ಬಂದ ಅವಳ ಮೊದಲ ಕಾಗದವೂ ಅದೇ ಧಾಟಿಯಲ್ಲಿತ್ತು. ಮಾತಾಡಿದ ಹಾಗೆಯೇ ಬರೆಯುತ್ತಿದ್ದಳು. "ನೀ ಹೇಳಿದ ಜಾಗಾದಾಗನ ಹಾಸಿದ್ವಿ. ಆ ಗ್ವಾಡಿ ಹಿಂದ ಇಂಜಿನ ಐತಿ. ಹನ್ನೊಂದು ದಿನ ಹಂಚಿನ ಮ್ಯಾಗಿನ ರೊಟ್ಟಿ ಆದ್ವಿ. ಮುಂದಿನವರಿಗೆ ಹಂಗ ಹೇಳಬ್ಯಾಡೊ ಕಪ್ತಾನಾ." ನಾನು ನಕ್ಕು, ನನ್ನ ಕಾಲಮ್ಮಿನಲ್ಲಿ 'ನಡುವಿನ ಗೋಡೆ' ಎಂಬುದನ್ನು ಹೊಡೆದುಹಾಕಿ 'ಮುಂದಿನ ತುದಿಯ ಹತ್ತಿರ' ಎಂದು ತಿದ್ದಿದೆ. ಒಬ್ಬರು ಸುಟ್ಟುಕೊಂಡ ಮೇಲೆ ತಿದ್ದುವುದು ನನ್ನ ಪದ್ಧತಿಯಾಗಿತ್ತು. ಆಗ ಅದು ತಮಾಷೆಯಾಗಿ ಕಂಡಿತು.

ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ಬಂದ ಕಾಗದದಲ್ಲಿ, "ಒಂದು ಸುದ್ದಿ ಐತಿ. ಅವ್ವಗ ಓದಿ ಹೇಳು, ನೀ ಒಬ್ಬನ ಓದಿ ಇಟಗೋಬ್ಯಾಡ" ಎಂದಿತ್ತು. ಅವ್ವ ಓದುಬರಹ ಬಲ್ಲವಳಲ್ಲ. ಮನೆಗೆ ಬಂದ ಕಾಗದ, ಮನೆಯಿಂದ ಹೋಗುವ ಕಾಗದ, ಎರಡನ್ನೂ ನಾನು ಅವಳಿಗೆ ಓದಿ ಹೇಳುತ್ತಿದ್ದೆ. ಸುದ್ದಿ ಕೇಳಿ ಅವಳು ಬೆರಳ ಗೆಣ್ಣಿನ ಮೇಲೆ ತಿಂಗಳು ಎಣಿಸಿದಳು. ಮೊದಲ ಹೆರಿಗೆ ತವರಿನಲ್ಲಿ. ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಅದಕ್ಕೂ ಮೊದಲು ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ ಆಗಬೇಕು. ತವರಿನವರು ಒಯ್ದ ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಆಮೇಲೆ ಬಸುರಿಯನ್ನು ಹೊಸ್ತಿಲು ದಾಟಿಸಬೇಕು. ಆರನೆಯ ತಿಂಗಳು ಸಮ ತಿಂಗಳು. ಅದರಲ್ಲಿ ದಾಟಿಸುವ ಹಾಗಿಲ್ಲ.

ಲೆಕ್ಕಕ್ಕೆ ಎರಡು ಹಡಗುಗಳು ಸಿಕ್ಕವು. ಕರಿ ಚಿಮಣಿಯದು ಏಪ್ರಿಲಿನಲ್ಲಿ, ಅವಳಿಗೆ ಆರು ನಡೆಯುತ್ತಿರುವಾಗ. ಕೆಂಪು ಚಿಮಣಿಯದು ಮೇ ತಿಂಗಳ ನಡುವೆ, ಕುಬಸವಾದ ಮೇಲೆ.

ನನ್ನ ನೆನಪಿನಲ್ಲಿ ಆ ಮಾತುಕತೆ ಹೀಗಿದೆ. ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಳೆ.

"ಅವ್ವಾ, ಏಪ್ರಿಲ್ ಹಡಗ ತಪ್ಪಿದ್ರ ಸಮುದ್ರ ಕೆಡತೈತಿ."

"ಕುಬಸ ಮಾಡದ ಕರಕೊಂಡು ಬಂದ್ರ ಮಂದಿ ಏನಂದಾರು? ಕೂಸಿಗೆ ಛಲೋ ಅಲ್ಲ, ತಮ್ಮಾ. ಮಳಿ ಮೃಗಶಿರದಾಗ ಬರತೈತಿ. ಅದರೊಳಗ ಬಂದ ಬರತಾಳ ಆಕಿ."

"ಅದು ಭೂಮಿ ಮ್ಯಾಲಿನ ಮಳಿ, ಅವ್ವಾ."

ಅವಳು ಮೊರ ಕೇರುವುದನ್ನು ನಿಲ್ಲಿಸುವುದಿಲ್ಲ. ಈ ದೃಶ್ಯದಲ್ಲಿ ನಾನು ಎಲ್ಲ ತಿಳಿದವನು, ಕೈಲಾಗದವನು. ಎಷ್ಟೋ ವರ್ಷ ಇದನ್ನು ಹೀಗೆಯೇ ನೋಡಿದ್ದೇನೆ. ಜೋಳದ ಹೊಟ್ಟು ಹಾರಿ ನನ್ನ ಕಾಲ ಮೇಲೆ ಬೀಳುವುದೂ ಕಾಣುತ್ತದೆ.

ಹಸಿರು ಕುಬಸದ ಖಣವನ್ನು ಪಾರ್ಸೆಲ್ ಮಾಡಿ ಕಳಿಸಿದೆವು. ಕುಬಸವಾದ ಮೇಲೆ ಅವಳು ಬರೆದಳು: "ಪಕ್ಕದ ಮನಿ ಕಚ್ಛಿ ಬಾಯಿ, ಗುಜರಾತ ಕಡೆಯವರು, ಉಡಿ ತುಂಬಿದ್ರು. ಪಾಪ, ಅವರಿಗೆ ನಮ್ಮ ಹಾಡ ಬರಂಗಿಲ್ಲ. ನನ್ನ ಕುಬಸಕ್ಕ ನಾನ ಹಾಡಕೊಂಡೆ. ಹಾಡತಾ ನಗಿ ಬಂತು, ಆಮ್ಯಾಲ ಅಳು ಬಂತು. ಅವ್ವಗ ನಗಿ ಬಂದಿದ್ದು ಅಷ್ಟ ಹೇಳು." ನಾನು ಅಷ್ಟನ್ನೇ ಹೇಳಿದೆ.

ಅವಳ ಗಂಡನಿಗೆ ರಜೆ ಸಿಗಲಿಲ್ಲ. ಊರಿಗೆ ಹೊರಟಿದ್ದ ಅದೇ ಕಚ್ಛಿ ಬಾಯಿಯ ಜೊತೆಗೆ ಅವಳನ್ನು ಕಳಿಸಿದ.

ಜೂನ್ ಮೊದಲ ವಾರ ನಾನು ಮುಂಬಯಿಗೆ ಹೋದೆ. ಸಮುದ್ರವನ್ನೂ ಹಡಗನ್ನೂ ಅದೇ ಮೊದಲು ಕಂಡದ್ದು. ಬೆಳಗಿನ ಬಿಸಿಲು ಇತ್ತು, ಅಥವಾ ಮೋಡವಿತ್ತು. ಗಾಳಿಯಂತೂ ಇತ್ತು, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದಿದ್ದೆ. ಜನ ಇಳಿದರು. ಟ್ರಂಕುಗಳನ್ನು ಇಳಿಸಿದರು. ಅವುಗಳ ನಡುವೆ ಇಳಕಲ್ ಅಂಚಿನ ಚಿಂದಿ ಕಟ್ಟಿದ ಟ್ರಂಕು ಕಂಡಿತು. ನೂರರಲ್ಲಿ ಒಂದೇ ನೋಟಕ್ಕೆ ಗುರುತು ಸಿಕ್ಕಿತು. ನಾನು ಅದರ ಪಕ್ಕಕ್ಕೆ ಹೋಗಿ ನಿಂತು ಅವಳಿಗಾಗಿ ಕಾದೆ. ಒಬ್ಬ ವಯಸ್ಸಾದ ಹೆಂಗಸು ಬಂದು, ಟ್ರಂಕನ್ನು ನೋಡಿ, ನನ್ನನ್ನು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವಳೇ ಕಚ್ಛಿ ಬಾಯಿ. ಹೇಳಿದ್ದು ಸ್ವಲ್ಪ. ಒಂಬತ್ತನೆಯ ದಿನದಿಂದ ಅಲೆ ಎದ್ದಿತ್ತು. ಹನ್ನೆರಡನೆಯ ದಿನ ನೋವು ಸುರುವಾಯಿತು. ಹಡಗಿನಲ್ಲಿ ಡಾಕ್ಟರು ಇರಲಿಲ್ಲ. ಔಷಧದ ಪೆಟ್ಟಿಗೆ ಇತ್ತು, ಅದರ ಕೀಲಿ ಹಿಡಿದ ಒಬ್ಬ ಮನುಷ್ಯನಿದ್ದ. ಮೊದಲು ಕೂಸು ಹೋಯಿತು, ಮರುದಿನ ಅವಳು. ಕಚ್ಛಿ ಬಾಯಿ ತನ್ನ ಹೊಸ ಸೀರೆಯೊಂದನ್ನು ಹೊದಿಸಿದಳಂತೆ. ಆಮೇಲೆ ಹಡಗಿನವರು ತಮ್ಮ ಪದ್ಧತಿಯಂತೆ ನೀರಿಗೆ ಬಿಟ್ಟರು.

ಅವಳ ಟ್ರಂಕನ್ನು ಆ ದಿನ ಬಂದರಿನವರು ನನಗೆ ಕೊಡಲಿಲ್ಲ. ಗಂಡನ ಸಹಿ ಬೇಕು ಎಂದರು. ಅದು ತಿರುಗಿ ಮೊಂಬಾಸಾಕ್ಕೆ ಹೋಯಿತು.

ಅಕ್ಕಲಕೋಟೆಯಲ್ಲಿ ಅವ್ವ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿದ್ದಳು, ಹಡಗಿನಿಂದ ಬಂದವಳಿಗೆ ಎರೆಯಲೆಂದು. ಟಾಂಗಾದಿಂದ ನಾನೊಬ್ಬನೇ ಇಳಿದದ್ದನ್ನು ಕಂಡು ಒಳಗೆ ಹೋಗಿ ಒಲೆಯಿಂದ ಕಟ್ಟಿಗೆ ಹಿರಿದಳು. ಹೇಳಿದೆ. ಒಂದೇ ಪ್ರಶ್ನೆ ಕೇಳಿದಳು.

"ಮಣ್ಣರೆ ಸಿಕ್ತೇನೊ ಆಕಿಗೆ?"

ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡುತ್ತಾರೆ. ಅಪ್ಪನನ್ನು ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದ್ದೆವು.

"ಸಿಕ್ತವ್ವ. ನಡುವ ಒಂದು ನಡುಗಡ್ಡಿಗೆ ಹಡಗ ನಿಲ್ಲಿಸಿದ್ರಂತ. ಅಲ್ಲೇ ಮಾಡಿದ್ರಂತ."

ಬಂದರುಗಳನ್ನು ಮುಟ್ಟುತ್ತ ಬರುವ ಹಡಗು ಅದು ಎಂದು ನಾನೇ ಅವಳಿಗೆ ಹೇಳಿದ್ದೆನಲ್ಲ; ಸುಳ್ಳು ಸುಲಭವಾಗಿ ಕೂತಿತು.

ಆ ಮೇಲಿನ ವರ್ಷಗಳಲ್ಲಿ ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಬಂದವರೆಲ್ಲ, ಏಪ್ರಿಲಿನಲ್ಲಿ ಯಾಕೆ ಹೊರಡಲಿಲ್ಲ ಎಂದು ಕೇಳುತ್ತಿದ್ದರು. "ಅವ್ವ ಕೇಳಲಿಲ್ರಿ. ಕುಬಸ ಆಗಬೇಕಂತ ಹಟ ಹಿಡದ್ಲು" ಎನ್ನುತ್ತಿದ್ದೆ, ಅವಳು ಅಲ್ಲೇ ಬಾಗಿಲ ಹಿಂದೆ ಇರುವಾಗ. ಸೋದರತ್ತೆಯೊಬ್ಬಳು ಎದುರಿಗೇ, "ನಿನ್ನ ಶಾಸ್ತ್ರ ಮಗಳನ್ನ ನುಂಗಿತು ನೋಡು" ಎಂದಾಗಲೂ ಅವ್ವ ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಸೊಲ್ಲಾಪುರದ ನನ್ನ ಮನೆಗೆ ಅವಳನ್ನು ಕರೆದುಕೊಂಡು ಬಂದೆ. ಅವಳು ಬೇಯಿಸಿದಳು, ನಾನು ಉಂಡು ಆಫೀಸಿಗೆ ಹೋದೆ. ಜನ ಹಡಗಿನ ಬಗ್ಗೆ ಕೇಳಲು ಬರುವುದೂ ನಿಲ್ಲಲಿಲ್ಲ. ಕೆಂಪು ಚಿಮಣಿಗೆ ಹೋಗಬೇಡಿ ಎಂದು ಹೇಳತೊಡಗಿದೆ. ತಿದ್ದಿದೆ, ನನ್ನ ಪದ್ಧತಿಯಂತೆ.

ಕೆಲವು ವರ್ಷಗಳ ಮೇಲೆ ತಂಗಿಯ ಗಂಡ ರಜೆಗೆ ಬಂದ. ಆ ಟ್ರಂಕನ್ನು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದ. "ನನ್ನ ಕಡೆ ಇಟ್ಟುಕೊಳ್ಳಾಕ ಆಗವಲ್ದ್ರಿ ಅತ್ತಿ" ಎಂದ. ಬೇಗ ಎದ್ದು ಹೋದ. ಅವನಿಗೆ ಆಗ ಬೇರೆ ಮದುವೆ ಗೊತ್ತಾಗಿತ್ತು, ಅದರಲ್ಲಿ ತಪ್ಪೇನಿಲ್ಲ.

ಟ್ರಂಕಿನಲ್ಲಿ ಎರಡು ಸೀರೆ, ಒಂದು ತಗಡಿನ ಡಬ್ಬಿ, ಹಸಿರು ಕುಬಸ, ನನ್ನ ಕಾಗದಗಳ ಕಟ್ಟು. ಮಾರ್ಚಿನಲ್ಲಿ ನಾನು ಬರೆದ ಕಾಗದ ಎಲ್ಲಕ್ಕಿಂತ ಮೇಲಿತ್ತು, ಮಡಿಕೆಯಲ್ಲಿ ಹರಿಯುವಷ್ಟು ಸಲ ತೆರೆದದ್ದು. ಅದರಲ್ಲಿ ನನ್ನ ಕಾಲಮ್ಮುಗಳಿದ್ದವು. ಕೆಳಗೆ, ನನ್ನದೇ ದುಂಡು ಅಕ್ಷರದಲ್ಲಿ:

"ಏಪ್ರಿಲಿನ ಹಡಗಿಗೆ ಅವಸರ ಮಾಡಬೇಡ. ಬೇಕಾದರೆ ಕುಬಸವನ್ನು ಇಲ್ಲಿಗೆ ಬಂದ ಮೇಲೆ ಮಾಡಿದರಾಯಿತು, ಮಗಳು ಮೊದಲು ಬರಲಿ ಎಂದು ಅವ್ವ ಅನ್ನುತ್ತಾಳೆ. ನಾನೇ ಬೇಡವೆಂದೆ. ಮೇ ತಿಂಗಳ ಆಗಬೋಟಿನಲ್ಲಿ ಎಲ್ಲವೂ ಹೊಂದಿಕೆಯಾಗುತ್ತದೆ. ಕುಬಸವೂ ಆಗುತ್ತದೆ, ಮಳೆಗಾಲಕ್ಕೆ ಮೊದಲೇ ಬಂದೂ ಆಗುತ್ತದೆ. ಅಲ್ಲಿ ಬಸುರಿಯರಿಗೆ ಹೆಚ್ಚು ಕೇಳುವುದಿಲ್ಲ. ಡಾಕ್ಟರ್ ಇರುವ ಬಗ್ಗೆ ವಿಚಾರಿಸಿ ತಿಳಿಸುವೆ."

ವಿಚಾರಿಸಲಿಲ್ಲ. ಮರೆತೆನೋ, ಬರೆದ ಮೇಲೆ ವಿಚಾರಿಸಿದಂತೆಯೇ ಅನಿಸಿತೋ, ಗೊತ್ತಿಲ್ಲ. ಮೊರ, ಜೋಳ, ಕಾಲ ಮೇಲಿನ ಹೊಟ್ಟು, ಆ ಅಂಗಳ ಎಲ್ಲಿಯದೋ. ಅವ್ವ ಮೊದಲು ಹಟ ಹಿಡಿದದ್ದು ನಿಜವಿರಬಹುದು. ಆಮೇಲೆ ಅವಳು ಇಳಿದು ಬಂದದ್ದನ್ನು ಮಾತ್ರ ನಾನು ಪೂರಾ ಅಳಿಸಿದ್ದೆ.

"ಏನೈತಿ ಕಾಗದದಾಗ?" ಎಂದಳು ಅವ್ವ. ಕುಬಸವನ್ನು ತೊಡೆಯ ಮೇಲೆ ಹರವಿಕೊಂಡಿದ್ದಳು.

ಓದಿದೆ. ಒಂದಕ್ಷರ ಬಿಡದೆ ಓದಿದೆ.

"ಗೊತ್ತೈತಿ" ಎಂದಳು. "ಟಪಾಲಿಗೆ ಹಾಕೂ ಮೊದಲ ನನಗ ಓದಿ ಹೇಳಿದ್ದಿಯಲ್ಲೊ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲವ್ವ? ಮಂದಿ ಎಲ್ಲಾ ನಿನಗ ಅಂದ್ರು. ನಾನೂ ಅಂದೆ."

"ನಾ ಮನ್ಯಾಗ ಇರಾಕಿ. ನೀ ದಿನಾ ಹೊರಗ ಹೋಗಬೇಕು, ನಾಕ ಮಂದ್ಯಾಗ ಕೂಡಬೇಕು." ಕುಬಸದ ಮಡಿಕೆಯನ್ನು ಅಂಗೈಯಿಂದ ತೀಡಿದಳು. "ಈಗ ನೀ ಹೇಳು. ಮಣ್ಣು ಸಿಕ್ಕಿತ್ತೇನು?"

ಎಷ್ಟೊಂದು ಜನ ಆಫ್ರಿಕಾದಿಂದ ಬಂದು ಆ ಪಡಸಾಲೆಯಲ್ಲಿ ಕೂತು ಹೋಗಿದ್ದರು. ನಾನು ಆಫೀಸಿನಲ್ಲಿದ್ದಾಗ ಅವಳು ಅವರನ್ನು ಏನು ಕೇಳಿದ್ದಳೋ.

"ಇಲ್ಲವ್ವ. ನೀರಿಗೆ ಬಿಟ್ರು."

ಅವಳು ತಲೆದೂಗಿದಳು, ಅಂಗಡಿಯವನು ಹೇಳಿದ ಧಾರಣೆ ತನ್ನ ಅಂದಾಜಿಗೆ ಸರಿಹೊಂದಿತು ಎನ್ನುವಂತೆ.

ಮರುದಿನ ಇಬ್ಬರೂ ರೈಲಿನಲ್ಲಿ ಅಕ್ಕಲಕೋಟೆಗೆ ಹೋದೆವು. ಹೊಲದ ಬದುವಿನಲ್ಲಿ, ಅಪ್ಪನ ಪಕ್ಕ, ನಾನು ಗುದ್ದಲಿಯಿಂದ ಮೊಣಕಾಲಿನ ಆಳ ಅಗೆದೆ. ಅವ್ವ ಹಸಿರು ಕುಬಸವನ್ನು ಮಡಿಸಿ ಒಳಗಿಟ್ಟಳು, ಮೇಲೆ ವಿಭೂತಿ ಹಾಕಿದಳು. ಕುಬಸದ ಹಾಡು ಹಾಡಿದಳೆಂದು ನನ್ನ ನೆನಪು. ಹಾಡಿರಲಾರಳು, ಅದನ್ನು ನಾನು ತಂಗಿಯ ಕಾಗದದಿಂದ ತಂದು ಇಲ್ಲಿ ಇಡುತ್ತಿರಬೇಕು. ಮೂರು ಹಿಡಿ ಮಣ್ಣು ಹಾಕಿದ್ದು ಮಾತ್ರ ಖರೆ. ಮೊದಲ ಹಿಡಿ ಅವಳು ಹಾಕಿದಳು. ಎರಡನೆಯದು ನನ್ನದು. ಮೂರನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, "ಕೂಸಿಂದು" ಎಂದು ಅವಳೇ ಹಾಕಿದಳು.