ತಣ್ಣಗಿರುವಷ್ಟು ಹೊತ್ತು

ನನ್ನ ಪಿಎಚ್.ಡಿ. ಗೈಡ್ ಅವರ ಬಲಗೈ ಹೆಬ್ಬೆರಳ ತುದಿ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿತ್ತು. ಲ್ಯಾಬಿನಲ್ಲಿ ದ್ರವ ಹೀಲಿಯಂ ತುಂಬಿಸುವ ಪೈಪು ತಾಗಿ ಸುಟ್ಟದ್ದು. ತಣ್ಣಗಿರುವುದೂ ಸುಡುತ್ತದೆ ಎಂದು ನನಗೆ ಗೊತ್ತಾದದ್ದೇ ಆ ಬೆರಳು ನೋಡಿ.

ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಯೊಳಗೆ ಎಲೆಕ್ಟ್ರಾನು ಹೇಗೆ ಓಡಾಡುತ್ತದೆ ಎಂಬುದೇ ಅವರ ಜೀವಮಾನದ ಚಿಂತೆ. ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಸಾಂಬಾರಿನ ಬಟ್ಟಲಿಗೆ ಎರಡು ಬೆರಳು ತಾಗಿಸಿ, "ನೋಡು ಮಾರಾಯ್ತಿ, ಎರಡು ಅಲೆ ಸೇರಿದಲ್ಲಿ ಒಂದು ಕಡೆ ಏರ್ತದೆ, ಇನ್ನೊಂದು ಕಡೆ ಸತ್ತೇ ಹೋಗ್ತದೆ. ಎಲೆಕ್ಟ್ರಾನಿನದ್ದೂ ಇದೇ ಕತೆ" ಎನ್ನುತ್ತಿದ್ದರು. ವೇಟರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಮೇಲೆ ಆ ಸಾಂಬಾರನ್ನು ಅವರೇ ಕುಡಿಯುತ್ತಿದ್ದರು, ಪುಣ್ಯ!

ಆ ಕೋಣೆಯ ಮೇಲೆ ಕಾಂತಕ್ಷೇತ್ರ ಹಾಯಿಸಿದರೆ ಕರೆಂಟು ಏರಿಳಿದು ಒಂದು ಅಂಕುಡೊಂಕು ಗೆರೆ ಮೂಡುತ್ತದೆ. ಆ ಕೋಣೆಯಿರುವ ಚೂರು, ನಮ್ಮ ಮಾತಿನಲ್ಲಿ ಸ್ಯಾಂಪಲ್, ಹೀಲಿಯಂನಲ್ಲಿ ತಣ್ಣಗಿರುವಷ್ಟು ಹೊತ್ತು ಎಷ್ಟು ಸಲ ಅಳೆದರೂ ಅದೇ ಗೆರೆ. ಒಮ್ಮೆ ಬೆಚ್ಚಗಾಯಿತೋ, ಮತ್ತೆ ತಣ್ಣಗೆ ಮಾಡಿದರೂ ಬೇರೆಯದೇ ಗೆರೆ ಬರುತ್ತದೆ. ಹಾಗಾಗಿ ಅಳತೆ ಮುಗಿಯುವವರೆಗೆ ಲ್ಯಾಬ್ ಬಿಡಬಾರದೆಂದು ಅವರ ಕಟ್ಟಪ್ಪಣೆ. ಹಬ್ಬ ಹರಿದಿನ, ಜ್ವರಗಿರ ಯಾವುದೂ ನಡೆಯದು.

ಅವರು ನಿವೃತ್ತರಾಗುವ ವರ್ಷ, ಅಷ್ಟು ಕಾಲ ಹುಡುಕುತ್ತಿದ್ದ ಗೆರೆ ಕೊನೆಗೂ ಸಿಕ್ಕಿತು. ಅಳತೆ ಅರ್ಧಕ್ಕೆ ಬಂದಾಗ ಮುಲುಂಡಿನಿಂದ ಅಣ್ಣನ ಫೋನ್: ಅಮ್ಮನನ್ನು ಐಸಿಯುಗೆ ಹಾಕಿದ್ದಾರೆ. ಇತ್ತ ಹೀಲಿಯಂ ಮುಗಿಯುತ್ತ ಬಂದಿತ್ತು. ತುಂಬಿಸಲು ಇಬ್ಬರು ಬೇಕೇ ಬೇಕು, ಇದ್ದವರು ನಾವಿಬ್ಬರೇ.

"ತುಂಬಿಸಿಯೇ ಹೋಗ್ತೇನೆ ಸರ್."

"ಎಂಥ ತುಂಬಿಸುವುದು? ಹೊರಡು. ಲೋಕಲ್ ಹಿಡಿ."

"ಸ್ಯಾಂಪಲ್ ಬೆಚ್ಚಗಾಗ್ತದೆ ಸರ್!"

"ಆಗ್ಲಿ. ಹೋಗು ಅಂದೆನಲ್ಲ!" ಎಂದು ಗದರಿ, ನನ್ನ ಬ್ಯಾಗನ್ನು ತಾವೇ ಎತ್ತಿ ಬಾಗಿಲಾಚೆ ಇಟ್ಟರು.

ನಾನು ಆಸ್ಪತ್ರೆ ಮುಟ್ಟಿದಾಗ ಅಮ್ಮನಿಗೆ ಇನ್ನೂ ಎಚ್ಚರವಿತ್ತು. "ಊಟ ಆಯ್ತಾ?" ಎಂದು ಕೇಳಿದಳು. ಆಮೇಲೆ ಮಾತಾಡಲಿಲ್ಲ. ಮರುದಿನ ಹೋಗಿಬಿಟ್ಟಳು.

ಆ ಗೆರೆ ಮತ್ತೆ ಬರಲಿಲ್ಲ. ಸರ್ ಬರಿಗೈಯಲ್ಲಿ ನಿವೃತ್ತರಾದರು. ಒಂದು ದಿನವೂ ಆ ಮಾತು ಎತ್ತಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಬಾಂದ್ರಾದ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಇವರ ಅಮ್ಮ ಊರಲ್ಲಿ ತೀರಿಹೋಗುವಾಗ ಇವರು ಲ್ಯಾಬಲ್ಲೇ ಇದ್ರು. ಸ್ಯಾಂಪಲ್ ತಣ್ಣಗಿತ್ತಂತೆ, ಬಿಟ್ಟು ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ. ಆ ಅಳತೆಯ ಮೇಲೆ ಬರೆದ ಪೇಪರಿನಿಂದ ಎಷ್ಟು ಹೆಸರು ಬಂತು! ಇವರು ಮಾತ್ರ ಅದನ್ನು ಮನೆಯಲ್ಲಿ ಇಡ್ಲಿಕ್ಕೂ ಬಿಡ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಆ ಪೇಪರ್ ಓದಿಯೇ ಅಲ್ಲವೇ ನಾನು ಅವರನ್ನು ಹುಡುಕಿಕೊಂಡು ಬಂದದ್ದು.